ಬೀಡಿ ಸೇದುವ ತಂದೆಗೆ ವಿಟಮಿನ್ ಗುಳಿಗೆ: ಮೊದಲು ಲೇಬಲ್ ಓದಿ

ನಿಮ್ಮ ಗೊಂದಲಕ್ಕೆ ಕಾರಣ ವಿಟಮಿನ್ ಗುಳಿಗೆಯ ಡಬ್ಬಿ ಮೇಲಿನ ‘ಆಂಟಿಆಕ್ಸಿಡೆಂಟ್’ (ಜೀವಕೋಶಕ್ಕಾಗುವ ಹಾನಿ ತಗ್ಗಿಸುವ ವಸ್ತು) ಅನ್ನೋ ಪದ ಇರಬೇಕು. ಮೂವತ್ತು ವರ್ಷ ಬೀಡಿ ಸೇದಿದ ತಂದೆಯವರ ಜೀವಕೋಶಗಳನ್ನು ಗುಳಿಗೆ ಕಾಯುತ್ತದೆಯೇ ಅಂತ ಕೇಳಿದ್ದೀರಿ. ಅದನ್ನು ನಂಬಿ ಕೂರಬೇಡಿ. ಅದರಲ್ಲಿ ಬೀಟಾ ಕ್ಯಾರೊಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು) ಇದ್ದರಂತೂ ಕೆಡುಕೇ ಆಗಬಹುದು. ಫಿನ್ಲೆಂಡಿನಲ್ಲಿ ಸುಮಾರು 29,000 ಧೂಮಪಾನಿಗಳ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು: ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್, ತಗೊಳ್ಳದವರಿಗಿಂತ ಶೇ. 18ರಷ್ಟು ಹೆಚ್ಚು. ನಮ್ಮ ಮಾವನವರಿಗೆ ನಾನೇ ಇಂಥ ಗುಳಿಗೆ ತಂದುಕೊಟ್ಟಿದ್ದೆ, ಇದನ್ನು ಓದಿದ ದಿನವೇ ನಿಲ್ಲಿಸಿದೆ.

ಮೊದಲು ಲೇಬಲ್ ನೋಡಿ. ಬೀಟಾ ಕ್ಯಾರೊಟಿನ್ ಇದ್ದರೆ ಇವತ್ತೇ ಬಿಡಿಸಿ, ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ.

ಊಟದ ವಿಟಮಿನ್ನಿನ ಮಾತೇ ಬೇರೆ. ಮೆಂತ್ಯ ಪಲ್ಯ, ತೊಗರಿ ಬೇಳೆಯ ಫೋಲೇಟ್ (ಒಂದು ಬಗೆಯ ಬಿ ವಿಟಮಿನ್) ಡಿಎನ್‌ಎ ಕಟ್ಟಲು, ದುರಸ್ತಿಗೆ ಬೇಕೇ ಬೇಕು. ಪೇರಲ, ನಿಂಬೆಯ ವಿಟಮಿನ್ ಸಿ ಹೊಟ್ಟೆಯಲ್ಲಿ ನೈಟ್ರೋಸಮೈನ್ ಅನ್ನೋ ಕ್ಯಾನ್ಸರ್ ತರುವ ವಿಷ ಹುಟ್ಟುವುದನ್ನು ತಗ್ಗಿಸುತ್ತದೆ (ನಿಂಬೆ ಹಿಂಡುವುದು ಬೇಳೆ ಇಳಿಸಿದ ಮೇಲೆ, ಕುದಿಯುವಾಗ ಅಲ್ಲ). ಆದರೆ ಬೀಡಿ ಹೊಗೆಯಲ್ಲಿ ಆ ವಿಷ ತಯಾರಾಗಿಯೇ ಬಂದು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅದನ್ನು ಯಾವ ಪಲ್ಯವೂ ಪೂರ್ತಿ ತಡೆಯಲಾರದು.

ಹಾಗಾಗಿ ಬೀಡಿ ಬಿಡಿಸುವುದೇ ದೊಡ್ಡ ಕೆಲಸ. 1800-11-2356 ಉಚಿತ ಸಹಾಯವಾಣಿ, ತಂದೆಯವರ ಪಕ್ಕದಲ್ಲೇ ಕೂತು ಕರೆ ಮಾಡಿ.

ತಂದೆಯವರ ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ ಅಂದಿರಿ. ಅದೇನು ಅಂತ ನೋಡದೆ ಹೇಳಲಾಗದು, ಕ್ಯಾನ್ಸರೇ ಅಂತಲೂ ಅಲ್ಲ. ನಿಮ್ಮ ಯಾದಗಿರಿಯಿಂದ ಕಲಬುರಗಿ ದೂರವೇನಲ್ಲ. ಈ ವಾರವೇ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರಕ್ಕೆ ಕರೆದೊಯ್ದು ಬಾಯಿ ತೋರಿಸಿ.