ಚದುರಂಗದ ಕಾಳಿನ ಸಂಖ್ಯೆಯನ್ನು ಕೈಯಲ್ಲೇ ಒಡೆಯೋದು ಹೇಗೆ

ಮೇಡಂ, ಚದುರಂಗದ ಮೊದಲ ಮನೆಗೆ 1 ಕಾಳು, ಮುಂದಿನದಕ್ಕೆ 2, ಆಮೇಲೆ 4, ಹೀಗೆ 64 ಮನೆ ತುಂಬಿಸಿದರೆ ಒಟ್ಟು 18446744073709551615 ಬರುತ್ತೆ, ಇದರ ಅಪವರ್ತನಗಳನ್ನು ಮಗಳ ಜೊತೆ ಕೂತು ಕೈಯಲ್ಲೇ ಹುಡುಕಬಹುದಾ, ಭಾಜಕಗಳು ಒಟ್ಟು ಎಷ್ಟು ಅಂತ ಕೇಳಿದ್ದೀರಿ. ಖಂಡಿತ ಹುಡುಕಬಹುದು. ಕಾಗದ, ಪೆನ್ನು ಸಾಕು.

ಮೊದಲು ಸಂಖ್ಯೆಯನ್ನು ಓದೋಕೆ ಬರಬೇಕು. ಬಲಗಡೆಯಿಂದ ಏಳೇಳು ಅಂಕಿ ಬಿಡಿಸಿ: 184467, 4407370, 9551615. ಅಂದರೆ 1,84,467 ಕೋಟಿ ಕೋಟಿ, 44,07,370 ಕೋಟಿ, 95,51,615. ಬರೆದುಕೊಂಡದ್ದು ಸರಿ ಇದೆಯಾ ನೋಡೋಕೆ ಅಂಕಿಗಳನ್ನು ಕೂಡಿ, 87 ಬರಬೇಕು. 87ನ್ನು 3 ಭಾಗಿಸುತ್ತೆ, 9 ಭಾಗಿಸಲ್ಲ. ಹಾಗಾಗಿ ನಮ್ಮ ಸಂಖ್ಯೆಯಲ್ಲಿ 3 ಒಂದೇ ಸಲ ಇದೆ.

ನಿಮ್ಮ ಪ್ರಶ್ನೆಗೆ ಮೊದಲೇ ಉತ್ತರಿಸಿದ ಒಬ್ಬರು 3, 5, 7, 11 ಅಂತ ಭಾಗಿಸುತ್ತಾ ಹೋಗಿ ಅಂದಿದ್ದಾರೆ. ಹಾಗೆ ಮಾಡಬೇಡಿ, ಮಗುವಿಗೆ ಬೇಜಾರಾಗಿಬಿಡುತ್ತೆ. ಸಂಖ್ಯೆ ಹುಟ್ಟಿದ್ದು ಹೇಗೆ ಅಂತ ನೋಡಿ. ಇದು 2^64ಕ್ಕಿಂತ (ಅಂದರೆ 64 ಎರಡುಗಳನ್ನು ಗುಣಿಸಿದಾಗ ಬರೋದಕ್ಕಿಂತ) 1 ಕಮ್ಮಿ. ಎರಡು ವರ್ಗಗಳ ವ್ಯತ್ಯಾಸದ ಸೂತ್ರ ಹಾಕಿದರೆ (2^32 − 1)(2^32 + 1) ಆಗುತ್ತೆ. ಮೊದಲ ಆವರಣ ಮತ್ತೆ ಹಾಗೇ ಒಡೆಯುತ್ತೆ. ಒಡೆಯುತ್ತಾ ಹೋದರೆ ಸಿಗೋದು:

3 × 5 × 17 × 257 × 65537 × 4294967297

ಮೊದಲ ಐದೂ ಅವಿಭಾಜ್ಯ. ಕೊನೆಯದು, ಅಂದರೆ 2^32 + 1, ನನಗೆ ತುಂಬಾ ಇಷ್ಟದ್ದು. ಇದೂ ಅವಿಭಾಜ್ಯ ಅಂತಲೇ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನು 641 ಭಾಗಿಸುತ್ತೆ ಅಂತ ತೋರಿಸಿದರು. ಭಾಗಾಕಾರ ಮಾಡದೇ ಅದನ್ನು ಹೀಗೆ ಕಾಣಬಹುದು. 641 ಅಂದರೆ 5 × 2^7 + 1. ಆದ್ದರಿಂದ 641ರಿಂದ ಬರುವ ಶೇಷವಷ್ಟೇ ಬೇಕಾದಾಗ 5 × 2^7 ಇದ್ದ ಕಡೆ −1 ಬರೆಯಬಹುದು. ಎರಡನ್ನೂ ನಾಲ್ಕನೇ ಘಾತಕ್ಕೆ ಏರಿಸಿದರೆ 5^4 × 2^28ರ ಜಾಗಕ್ಕೆ 1 ಬರುತ್ತೆ. ಇನ್ನೊಂದು ಕಡೆ 641 ಅಂದರೆ 625 + 16 ಕೂಡ ಹೌದು, ಅಂದರೆ 5^4 + 2^4. ಹಾಗಾಗಿ 5^4 ಇದ್ದ ಕಡೆ −2^4 ಹಾಕಿ. −2^32ರ ಜಾಗಕ್ಕೆ 1 ಬಂತು, ಅಲ್ವಾ? ಅಂದರೆ 2^32 + 1ಕ್ಕೆ ಶೇಷ 0. ಇದೊಂದನ್ನು ಮಗಳ ಕೈಲೇ ಬರೆಸಿ, ಅವಸರ ಬೇಡ.

ಈಗ 641ರಿಂದ ಭಾಗಿಸಿ. 6700417 ಸಿಗುತ್ತೆ. ಇದು ಅವಿಭಾಜ್ಯವಾ? ವರ್ಗಮೂಲ 2588ರ ಹತ್ತಿರ, ಅಲ್ಲಿವರೆಗೂ ನೋಡಬೇಕು. ಆದರೆ 2^32 + 1ರ ಯಾವ ಅವಿಭಾಜ್ಯ ಭಾಜಕವೇ ಆಗಲಿ, 128ರ ಗುಣಕಕ್ಕೆ 1 ಕೂಡಿದಂತೆಯೇ ಇರುತ್ತೆ. 2588ರೊಳಗೆ ಅಂಥ ಅವಿಭಾಜ್ಯಗಳು ಐದೇ: 257, 641, 769, 1153, 1409. ಐದು ಭಾಗಾಕಾರ ಮಾಡಿ. ತಾಳೆ ನೋಡೋಕೆ ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆ ಅಲ್ಲ, ಅಲ್ಲಿಗೆ 6700417 ಅವಿಭಾಜ್ಯ.

ಒಟ್ಟು ಏಳು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೇ ಸಲ. ಒಂದು ಭಾಜಕ ಕಟ್ಟುವಾಗ ಪ್ರತಿಯೊಂದನ್ನೂ ತಗೋಬಹುದು, ಇಲ್ಲ ಬಿಡಬಹುದು. ಏಳು ಸಲ ಎರಡೆರಡು ಆಯ್ಕೆ. 1 ಮತ್ತು ಆ ಸಂಖ್ಯೆಯೂ ಸೇರಿ ಭಾಜಕಗಳು 128.