ಪಿಕಪ್ ಹಿಂದಿನಿಂದ, ಕೊರೆತ ಮುಂದಿನಿಂದ

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಳ್ಳುತ್ತಿದ್ದೇನೆ. ಬಾಡಿ 44 ಮಿ.ಮೀ. ದಪ್ಪ, ಕೆಳಗೆ ಹಲಸು, ಮೇಲೆ ಬೀಟೆ. ಬೀಟೆಯ ಮೇಲೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇನ್‌ಲೇ (ಮರದೊಳಗೆ ಚೂರು ಕೂರಿಸುವ ಕುಸುರಿ) ಮಾಡಿಸಿದ್ದೇನೆ. ಅದರ ಮೇಲೆ ಪಿಕಪ್ ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟು, ಸ್ಕ್ರೂ ಕಾಣಬಾರದು. ಎರಡು ಹಂಬಕರ್‌ಗಳನ್ನು (ಜೋಡಿ ಸುರುಳಿಯ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಹಿಂದಿನಿಂದ ಕೂರಿಸಲು ರೌಟರ್ (ಮರದಲ್ಲಿ ಗುಳಿ ಕೊರೆಯುವ ಯಂತ್ರ) ಹೇಗೆ ಹೊಡೆಯಲಿ? ಮುಂದೆ ಎಷ್ಟು ಮರ ಉಳಿಸಲಿ?
– ಓದುಗರು, ಮದ್ದೂರು

ಉತ್ತರ: ಅಂಥ ಕುಸುರಿ ಕೆಲಸದ ಮೇಲೆ ಚೌಕಟ್ಟು ಬಡಿಯಲು ನನಗೂ ಮನಸ್ಸಾಗದು. ಹಿಂದಿನಿಂದಲೇ ಕೂರಿಸಿ. ಆದರೆ ಮೊದಲ ಕೊರೆತ ಮುಂದಿನಿಂದಲೇ ಆಗಬೇಕು. ಹಿಂದಿನಿಂದ ಪೂರ್ತಿ ಕೊರೆದು ಬಿಟ್ (ಕೊರೆಯುವ ಅಲಗು) ಮುಂದೆ ಹೊರಬಂದರೆ ಬೀಟೆಯ ಅಂಚು ಸೀಳುತ್ತದೆ, ಇನ್‌ಲೇ ಚೂರು ಅದರ ಜೊತೆಗೇ ಏಳುತ್ತದೆ.

ಎಷ್ಟು ಮರ ಉಳಿಸಬೇಕೆಂಬುದನ್ನು ನಿಮ್ಮ ಪಿಕಪ್ಪೇ ಹೇಳುತ್ತದೆ. ಅದರ ಕಿವಿಯಿಂದ (ಸ್ಕ್ರೂ ಹಾಕಲು ಎರಡೂ ತುದಿಗೆ ಚಾಚಿದ ಪಟ್ಟಿ) ತಲೆಯವರೆಗೆ (ತಂತಿಯ ಕಡೆಯ ಮೈ) ಅಳೆಯಿರಿ, 22 ಮಿ.ಮೀ. ಇದೆ ಎನ್ನೋಣ. ತಂತಿ ಮರದ ಮುಖದಿಂದ 14 ಮಿ.ಮೀ. ಮೇಲಿದ್ದು, ತಂತಿಗೂ ಪಿಕಪ್ಪಿಗೂ 2.5 ಮಿ.ಮೀ. ಅಂತರ ಬಿಟ್ಟರೆ ಪಿಕಪ್ 11.5 ಮಿ.ಮೀ. ಹೊರಗೆ ಬರಬೇಕು. ಉಳಿದದ್ದು 10.5. ಎತ್ತರ ಹೊಂದಿಸಲು ಕಿವಿ ಮತ್ತು ಮರದ ನಡುವೆ ಹಾಕುವ ರಬ್ಬರ್ ಕೊಳವೆಗೆ 3 ಕಳೆಯಿರಿ. ಮರ 7.5 ಮಿ.ಮೀ. ಉಳಿಯಬಹುದು. ಅದಕ್ಕಿಂತ ದಪ್ಪ ಬಿಟ್ಟರೆ ಪಿಕಪ್ ತಂತಿಯಿಂದ ದೂರ ಉಳಿದು ಸದ್ದು ಸೊರಗುತ್ತದೆ. ನೆಕ್ (ಗಿಟಾರಿನ ಕತ್ತು) ಕಡೆ ತಂತಿ ಇನ್ನೂ ತಗ್ಗಿನಲ್ಲಿರಬಹುದು, ಅದನ್ನು ಬೇರೆಯಾಗಿಯೇ ಅಳೆಯಿರಿ.

ಈಗ ಕೊರೆತ. ಪಿಕಪ್ಪಿನ ಬಾಯಿ (ಮುಂದೆ ಅದು ಹೊರಬರುವ ಕಿಂಡಿ) ಬರುವ ಜಾಗದೊಳಗೆ, ಮಧ್ಯರೇಖೆಯ ಮೇಲೆ, ಡ್ರಿಲ್ ಪ್ರೆಸ್‌ನಲ್ಲಿ ಎರಡು 3 ಮಿ.ಮೀ. ತೂತುಗಳನ್ನು ನೆಟ್ಟಗೆ ಹಿಂಬದಿಗೆ ತೂರುವಂತೆ ಕೊರೆಯಿರಿ. ಹಿಂದಿನ ಟೆಂಪ್ಲೇಟಿಗೆ (ರೌಟರ್‌ಗೆ ದಾರಿ ತೋರುವ ಅಚ್ಚು) ಅವೇ ಗುರುತು. ಆಮೇಲೆ ಮುಂದಿನಿಂದ, ಟೆಂಪ್ಲೇಟ್ ಹಿಡಿದು 6 ಮಿ.ಮೀ. ಬಿಟ್‌ನಲ್ಲಿ ಪಿಕಪ್ಪಿನ ಬಾಯಿಯನ್ನಷ್ಟೇ 10 ಮಿ.ಮೀ. ಆಳ ತೆಗೆಯಿರಿ. ಒಂದು ಸಲಕ್ಕೆ 3 ಮಿ.ಮೀ. ಸಾಕು. ಗುಳಿಯೊಳಗೆ ರೌಟರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ಸಾಗಿಸಿ.

ಬಾಡಿ ತಿರುಗಿಸಿ, ಮುಖದಡಿ ಸಮತಟ್ಟಾದ ಎಂಡಿಎಫ್ ಹಲಗೆಯಿಟ್ಟು ಬಿಗಿಯಿರಿ. ಬಾಡಿ ತಿರುಗಿದ ಮೇಲೆ ಎಡಬಲ ಅದಲುಬದಲಾಗುತ್ತದೆ; ಪಿಕಪ್ ಓರೆಯಾಗಿದ್ದರೆ ಟೆಂಪ್ಲೇಟನ್ನೂ ಮಗುಚಿ. ಹಿಂದಿನ ಗುಳಿ ಕಿವಿ ಹಿಡಿಸುವಷ್ಟು ಉದ್ದವಿರಲಿ. ಹೆಚ್ಚಿನ ಮರವನ್ನು ಫೋರ್ಸ್ನರ್ ಬಿಟ್‌ನಿಂದ (ಚಪ್ಪಟೆ ತಳದ ಅಗಲ ತೂತು ಕೊರೆಯುವ ಬಿಟ್) ತೆಗೆಯಬಹುದು, ಆದರೆ ಅದರ ನಡುವಿನ ಮೊನೆ ಅಂಚಿಗಿಂತ ಮುಂದಿರುತ್ತದೆ. ಉಳಿಸಬೇಕಾದ ಮರ ಮುಟ್ಟಲು ಇನ್ನೂ 4 ಮಿ.ಮೀ. ಇರುವಾಗಲೇ ನಿಲ್ಲಿಸಿ. ಮಿಕ್ಕದ್ದನ್ನು ರೌಟರ್‌ನಲ್ಲಿ ನಿಧಾನವಾಗಿ ಇಳಿಸಿದರೆ ಮುಂದಿನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ನೆಕ್ ಕಡೆಯ ಗುಳಿಯದೇ ನನಗೆ ಯೋಚನೆ. ನೆಕ್ ಕೂರುವ ಪಾಕೆಟ್ ಸಾಮಾನ್ಯವಾಗಿ 16 ಮಿ.ಮೀ. ಆಳ. ಹಿಂದಿನ ಗುಳಿ ಅದರತ್ತ ಸರಿದರೆ ನಡುವಿನ ಗೋಡೆ ತೆಳುವಾಗಿ, ತಂತಿಯ ಎಳೆತಕ್ಕೆ ಅಲ್ಲೇ ಬಿರುಕು ಬಿಡಬಹುದು. 10 ಮಿ.ಮೀ. ಗೋಡೆ ಉಳಿಸಲಾಗದಿದ್ದರೆ ಪಿಕಪ್ಪನ್ನೇ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ಕಡೆಗೆ ಸ್ವಲ್ಪ ಜರುಗಿಸಿ.

ಕಿವಿಯ ಸ್ಕ್ರೂ ಮರದೊಳಕ್ಕೆ 5 ಮಿ.ಮೀ. ದಾಟದಿರಲಿ, ಮೊದಲು ಸಣ್ಣ ತೂತು ಕೊರೆದೇ ಹಾಕಿ. ಬೀಟೆ ಧೂಳು ಕೆಲವರಿಗೆ ಚರ್ಮದಲ್ಲಿ ತುರಿಕೆ, ಉಸಿರಿಗೆ ತೊಂದರೆ ತರುತ್ತದೆ. ಮಾಸ್ಕ್ ಇಲ್ಲದೆ ರೌಟರ್ ಮುಟ್ಟಬೇಡಿ. ಗುಳಿಗೆ ತಾಮ್ರದ ಹಾಳೆ ಅಂಟಿಸುವುದಾದರೆ ಅದನ್ನು ಅರ್ತ್ ತಂತಿಗೆ ಬೆಸೆದು, ಹಿಂದಿನ ಮುಚ್ಚಳದ ಒಳಮೈಗೂ ಒಂದು ತುಂಡು ಹಚ್ಚಿ.