ಹಬ್ಬ ಎಲ್ಲಿ ಹೋಯ್ತು?

ಪ್ರಿಯರೇ,

ಬೈಬಲಿನ ಯಾಜಕಕಾಂಡ 23ರ ಏಳು ಹಬ್ಬಗಳ ಮೇಲೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ಓದಿದೆ. ಇಸ್ರಾಯೇಲರು ಐಗುಪ್ತ (ಈಜಿಪ್ಟ್) ಬಿಟ್ಟು ಹೊರಟ ನೆನಪಿನ ಪಸ್ಕದಿಂದ ಪರ್ಣಶಾಲೆಗಳ ಹಬ್ಬದವರೆಗೆ ಒಂದನ್ನೂ ಬಿಟ್ಟಿಲ್ಲ. ವಚನಗಳ ಸಂಖ್ಯೆ ಸರಿಯಾಗಿವೆ, ಭಾಷೆ ಚೊಕ್ಕವಾಗಿದೆ. ಹೊಗಳಬೇಕಾದ್ದು ಅಷ್ಟೇ, ಹೊಗಳಿದ್ದಾಯಿತು. ಈಗ ಸಿಟ್ಟು ತರಿಸಿದ ಸಾಲುಗಳಿಗೆ ಬರುತ್ತೇನೆ.

‘ಪಸ್ಕದ ಕುರಿಮರಿ ಕ್ರಿಸ್ತನ ನೆರಳು ಮಾತ್ರ.’ ಇದು ನಿಮ್ಮ ಮೊದಲ ಸಾಲು. ಎರಡನೇ ಸಾಲಿಗೇ ಶಿಲುಬೆ ಬಂದುಬಿಟ್ಟಿತು. ಮರಿಯನ್ನು ಕಣ್ಣಲ್ಲಿ ನೋಡಲಿಕ್ಕೂ ಬಿಡಲಿಲ್ಲವಲ್ಲ! ವಿಮೋಚನಕಾಂಡ 12 ಮತ್ತೆ ಓದಿ. ತಿಂಗಳ ಹತ್ತನೇ ದಿನ ಮರಿ ಆರಿಸಬೇಕು, ಹದಿನಾಲ್ಕನೇ ದಿನದ ತನಕ ಇಟ್ಟುಕೊಂಡಿರಬೇಕು. ಅಷ್ಟು ದಿನ ಮನೆಯ ಮಕ್ಕಳು ಅದಕ್ಕೆ ಹುಲ್ಲು ಹಾಕಿರುತ್ತಾರೆ, ಅಲ್ವಾ? ಆಮೇಲೆ ಒಂದು ಸಂಜೆ ಅದರ ರಕ್ತ ಬಾಗಿಲಿನ ಕಂಬಕ್ಕೆ. ಸುಟ್ಟ ಮಾಂಸ, ಕಹಿ ಸೊಪ್ಪು, ಕಾಲಲ್ಲಿ ಕೆರ, ಕೈಯಲ್ಲಿ ಕೋಲು, ಅವಸರದ ಊಟ. ಕ್ರಿಸ್ತನೇ ನಮ್ಮ ಪಸ್ಕದ ಕುರಿ ಎಂದು ಅಪೊಸ್ತಲ ಪೌಲ ಕೊರಿಂಥದವರಿಗೆ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಅವನು ಆ ಊಟ ಉಂಡು ಬೆಳೆದವನು. ನಿಮ್ಮ ಓದುಗರು ಉಂಡಿಲ್ಲ. ನೀವಾದರೂ ಬಡಿಸಬೇಕಿತ್ತು.

ಮುಂದಿನದು, ಹಿಟ್ಟು ಉಬ್ಬಿಸುವ ಹುಳಿಯ ಬಗ್ಗೆ: ‘ಹುಳಿ ಎಂದರೆ ಬೈಬಲಿನಲ್ಲಿ ಯಾವಾಗಲೂ ಪಾಪ.’ ಯಾವಾಗಲೂ? ಹಳೇ ಹುಳಿಯನ್ನು ತೆಗೆದುಹಾಕಿ ಅಂತ ಪೌಲ ಹೇಳಿದ್ದು ನಿಜ. ಆದರೆ ನೀವೇ ಆಧಾರ ಮಾಡಿಕೊಂಡ ಅಧ್ಯಾಯದ 17ನೇ ವಚನ ನೋಡಿ. ಪಂಚಾಶತ್ತಮ ದಿನ, ಅಂದರೆ ಮೊದಲ ಸಿವುಡು ಅರ್ಪಿಸಿದ ಮೇಲಿನ ಐವತ್ತನೇ ದಿನ, ದೇವರ ಮುಂದೆ ತರುವ ಎರಡು ರೊಟ್ಟಿಗಳು ಹುಳಿ ಹಾಕಿ ಸುಟ್ಟವು. ಮತ್ತಾಯ 13ರಲ್ಲಿ ಹೆಂಗಸೊಬ್ಬಳು ಹಿಟ್ಟಿನಲ್ಲಿ ಕಲಸಿದ ಹುಳಿಗೆ ಯೇಸು ಪರಲೋಕ ರಾಜ್ಯವನ್ನೇ ಹೋಲಿಸುತ್ತಾನೆ. ಪಸ್ಕದ ರೊಟ್ಟಿಗೆ ಹುಳಿ ಇಲ್ಲದ್ದು ಯಾಕೆ? ಐಗುಪ್ತದಿಂದ ಅಟ್ಟಿಸಿಕೊಂಡು ಹೊರಟ ಜನ. ಹಿಟ್ಟು ಉಬ್ಬುವ ತನಕ ಕಾಯಲು ಪುರುಸೊತ್ತೇ ಇರಲಿಲ್ಲ. ಆ ಓಟ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಪಾಪದ ಮೇಲೆ ಮಾತ್ರ ಒಂದೂವರೆ ಪುಟ.

ಮೂರನೆಯದು ನನ್ನನ್ನು ಜಾಸ್ತಿ ಕೆರಳಿಸಿದ್ದು: ‘ಯೆಹೂದ್ಯರು ಅರ್ಥ ತಿಳಿಯದೆ ಬರೀ ಆಚರಣೆಗೆ ಅಂಟಿಕೊಂಡರು.’ ಇದನ್ನು ನಾನು ಅಚ್ಚು ಹಾಕುವುದಿಲ್ಲ. ಈ ಆಚರಣೆಯ ಅರ್ಥವೇನು ಎಂದು ಮಕ್ಕಳು ಕೇಳಿದಾಗ ಏನು ಹೇಳಬೇಕು ಅಂತ ವಿಮೋಚನಕಾಂಡ 12ರಲ್ಲೇ ಇದೆ. ಪ್ರಶ್ನೆಯೂ ಹಬ್ಬದ ಭಾಗ, ಉತ್ತರವೂ ಹಬ್ಬದ ಭಾಗ. ಕ್ರಿ.ಶ. 70ರಲ್ಲಿ ದೇವಾಲಯ ಸುಟ್ಟುಹೋಯಿತು, ಕುರಿ ಬಲಿ ನಿಂತಿತು. ಆದರೂ ಇವತ್ತಿಗೂ ಪಸ್ಕದ ರಾತ್ರಿ ಅವರ ಮನೆಗಳಲ್ಲಿ ಮಕ್ಕಳು ಆ ಪ್ರಶ್ನೆ ಕೇಳುತ್ತಾರೆ. ಅರ್ಥ ತಿಳಿಯದವರು ಹೀಗೆ ಮಾಡ್ತಾರಾ? ಯೇಸುವಿನ ತಂದೆತಾಯಿ ವರ್ಷವರ್ಷವೂ ಪಸ್ಕಕ್ಕೆ ಯೆರೂಸಲೇಮಿಗೆ ಹೋಗುತ್ತಿದ್ದರೆಂದು ಲೂಕ ಬರೆದಿದ್ದಾನೆ. ನಿಮ್ಮ ಸಾಲು ಅವರಿಗೂ ತಾಗುತ್ತದೆ.

ನಾನು ಕೆಲಸ ಕಲಿತದ್ದು ಒಂದು ಸಣ್ಣ ಸಭಾಪತ್ರಿಕೆಯಲ್ಲಿ. ಮೊಳೆ ಜೋಡಿಸುವ ಕಾಲ, ನಾನು ಕರಡು ತಿದ್ದುವ ಹುಡುಗ. ಸಂಪಾದಕರು ನಿವೃತ್ತ ಪಾದ್ರಿ, ಮಾತು ಕಮ್ಮಿ. ಒಮ್ಮೆ ದೊಡ್ಡ ಹೆಸರಿನ ಬೋಧಕರೊಬ್ಬರು ಪ್ರಥಮಫಲದ, ಅಂದರೆ ಸುಗ್ಗಿಯ ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವ ಹಬ್ಬದ ಬಗ್ಗೆ ಬರೆದು ಕಳಿಸಿದರು. ನಮ್ಮವರು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ‘ಯಾವ ಧಾನ್ಯ?’ ಎಂದಷ್ಟೇ ಬರೆದು ವಾಪಸ್ ಕೊಟ್ಟರು. ಸೈಕಲ್ ತುಳಿದು ತಲುಪಿಸಿದವನು ನಾನು. ಬೋಧಕರ ಮುಖ ಇಷ್ಟು ದಪ್ಪ ಆಯಿತು, ಕಾಫಿ ಕೂಡ ಕೊಡಲಿಲ್ಲ.

ಅದು ಕೊಂಕು ಪ್ರಶ್ನೆ ಅಲ್ಲ. ಮೊದಲ ಸಿವುಡು ಜವೆಗೋಧಿಯದು. ಐವತ್ತನೇ ದಿನದ ರೊಟ್ಟಿ ಗೋಧಿಯದು. ಪರ್ಣಶಾಲೆ ಬರುವುದು ಕಣದ ಕೆಲಸ, ದ್ರಾಕ್ಷಿ ತುಳಿಯುವ ಕೆಲಸ ಮುಗಿದ ಮೇಲೆ. ಧಾನ್ಯ ಗೊತ್ತಾದರೆ ಇಡೀ ವರ್ಷ ಕಣ್ಣಿಗೆ ಕಟ್ಟುತ್ತದೆ. ಮೊದಲ ಸಿವುಡು ಕೈಗೆ ಬಂತು ಅಂದರೆ ಹಿಂದೆ ಹೊಲ ತುಂಬ ಪೈರು ನಿಂತಿದೆ ಅಂತ. ಸತ್ತವರೊಳಗಿಂದ ಎದ್ದ ಕ್ರಿಸ್ತನನ್ನು ಪೌಲ ಪ್ರಥಮಫಲ ಅಂದದ್ದು ಇದಕ್ಕೇ: ಹಿಂದೆ ನಿಂತ ಪೈರು ನಾವು. ಮಂಗಳೂರು ಕಡೆಯ ಕಥೋಲಿಕರು ಸೆಪ್ಟೆಂಬರ್ 8ರಂದು ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಅವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

ಪರ್ಣಶಾಲೆಗಳ ಹಬ್ಬಕ್ಕೆ ನೀವು ಕೊಟ್ಟದ್ದು ಒಂದೇ ಸಾಲು, ‘ಇದು ಪರಲೋಕದ ಸಂಕೇತ’. ಅಯ್ಯೋ, ಎಂಥ ಹಬ್ಬ ಅದು! ಬೇಸಿಗೆ ಮುಗಿದು ನೆಲ ಒಣಗಿದೆ, ಮಳೆ ಇನ್ನೂ ಬಂದಿಲ್ಲ. ಜನ ಸೊಪ್ಪಿನ ಗುಡಿಸಲಲ್ಲಿ ಏಳು ದಿನ ವಾಸ. ಯೆರೂಸಲೇಮಿನ ಸಿಲೋವ ಕೊಳದಿಂದ ಚಿನ್ನದ ಪಾತ್ರೆಯಲ್ಲಿ ನೀರು ತಂದು ಯಜ್ಞವೇದಿಯ ಮೇಲೆ ಸುರಿಯುತ್ತಿದ್ದರೆಂದು ಯೆಹೂದ್ಯ ಗುರುಗಳ ಹಳೆಯ ನಿಯಮಗ್ರಂಥ ಮಿಷ್ನಾ ಹೇಳುತ್ತದೆ. ಅಂಥ ಹಬ್ಬದ ಕಡೇ ದಿನ ಯೇಸು ಎದ್ದು ನಿಂತು, ಬಾಯಾರಿದವರು ನನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗುತ್ತಾನೆ. ಯೋಹಾನ 7. ನೀರಿನ ವಿಷಯ ಬಿಟ್ಟರೆ ಆ ಕೂಗು ಯಾರಿಗೆ ಕೇಳಿಸಬೇಕು?

ಏಳು ಹಬ್ಬ ಬೇಡ. ಇದೊಂದನ್ನೇ ಬರೆಯಿರಿ. ಪರಲೋಕ ಕೊನೆಯ ಪ್ಯಾರಾದಲ್ಲಿ ಬರಲಿ, ಅದಕ್ಕೂ ಮೊದಲು ಬೇಡ. ಅಕ್ಟೋಬರ್ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ, ಆಗಸ್ಟ್ ಮುಗಿಯುವುದರೊಳಗೆ ಕೈ ಸೇರಬೇಕು. ಏಳರಲ್ಲೊಂದಾದ ತುತೂರಿ ಹಬ್ಬದಿಂದ ಯೇಸುವಿನ ಎರಡನೇ ಬರೋಣದ ವರ್ಷ ಲೆಕ್ಕ ಹಾಕಿದ್ದೀರಲ್ಲ, ಅದನ್ನು ಮಾತ್ರ ಇದರಲ್ಲಿ ತುರುಕಬೇಡಿ. ಆ ಜಗಳ ಬೇರೆಯೇ ಇದೆ.